ಜುದಾಸನ ಜುಟ್ಟು

ಬ್ಲಾಂಡಿನ್ ಸತ್ತು ಸ್ವರ್ಗದ ಬಾಗಿಲಿಗೆ ಹೋದ ದಿನ, ಅಲ್ಲಿ ಕಾವಲಿರುವ ಸಂತ ಪೇತ್ರನ ಗೊಂಚಲಿನಲ್ಲಿ ಬೀಗದಕೈಗಳು ಸರಿಯಾಗಿವೆಯೇ ಎಂದು ಎಣಿಸಿದ ಮೇಲೆಯೇ ಒಳಗೆ ಕಾಲಿಡುತ್ತಾಳೆ ಎಂಬ ಮಾತು ಸೇಂತ್-ಪೆಲಾಜಿ ಊರಿನಲ್ಲಿತ್ತು. ಈ ಮಾತನ್ನು ಹುಟ್ಟಿಸಿದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಏಳು ಜನರ ಮೇಲೆ ಸಂಶಯವಿತ್ತು.

ಸಂಶಯ ಅವಳಿಗೆ ಮುಪ್ಪಿನಲ್ಲಿ ಬಂದ ಕಾಯಿಲೆಯಲ್ಲ, ಹಾಲುಹಲ್ಲಿನ ಜತೆಗೇ ಬಂದದ್ದು. ಕಾನ್ವೆಂಟಿನಲ್ಲಿ ಸಿಸ್ಟರ್, ಯೋನನು ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದನೆಂದು ಹೇಳಿಕೊಟ್ಟಾಗ ಏಳು ವರ್ಷದ ಬ್ಲಾಂಡಿನ್ ಎದ್ದು ನಿಂತು, ಒಳಗಿದ್ದವನಿಗೆ ಮೂರು ದಿನವಾಯಿತೆಂದು ಗೊತ್ತಾದದ್ದು ಹೇಗೆ ಎಂದು ಕೇಳಿದ್ದಳು. ಉತ್ತರವಾಗಿ ಮೂಲೆಯಲ್ಲಿ ಮಂಡಿಯೂರುವ ಶಿಕ್ಷೆ ಸಿಕ್ಕಿತು. ಮಂಡಿ ನೋವು ಮರೆತುಹೋಯಿತು, ಪ್ರಶ್ನೆ ಮರೆಯಲಿಲ್ಲ. ಅಂದಿನಿಂದ ಅವಳು ಯಾರನ್ನೂ ಕೇಳಿ ತಿಳಿಯುವ ಗೋಜಿಗೆ ಹೋಗದೆ, ನೋಡಿಯೇ ತಿಳಿಯುವ ಪದ್ಧತಿ ಇಟ್ಟುಕೊಂಡಳು.

ನೋಡಿ ತಿಳಿಯಲು ಕೆಬೆಕ್‌ನ ಆ ಮೂಲೆ ಒಳ್ಳೆಯ ಜಾಗ. ವರ್ಷದಲ್ಲಿ ಐದು ತಿಂಗಳು ಹಿಮ ಬಿದ್ದಿರುತ್ತದೆ, ಹಿಮದ ಮೇಲೆ ಯಾರು ನಡೆದರೂ ಸಹಿ ಹಾಕಿಯೇ ಹೋಗುತ್ತಾರೆ. ಬೆಳಗ್ಗೆ ಎದ್ದು ಕಿಟಕಿಯ ಗಾಜಿನ ಮಂಜನ್ನು ಉಗುರಿನಿಂದ ಕೆರೆದು, ಅಂಗಳದ ಹೆಜ್ಜೆಗಳನ್ನು ಓದಿದ ಮೇಲೆಯೇ ಅವಳ ಪ್ರಾರ್ಥನೆ. ಇನ್ನು ಟೆಲಿಫೋನು. ಎಂಟು ಮನೆಗೆ ಒಂದೇ ತಂತಿ. ಎರಡು ಉದ್ದ, ಒಂದು ಗಿಡ್ಡ ಗಂಟೆ ಹೊಡೆದರೆ ಅದು ಬ್ಲಾಂಡಿನ್ ಮನೆಗೆ ಬಂದ ಕರೆ, ಆದರೆ ರಿಸೀವರ್ ಎತ್ತುವವರು ಎಂಟೂ ಮನೆಯವರು. ಮಾತು ಮುಗಿದ ಮೇಲೆ ಅವಳು, "ಸರಿ, ಇನ್ನು ಎಲ್ಲರೂ ಇಡಬಹುದು," ಎಂದು ಹೇಳಿ ತಾನು ಮಾತ್ರ ಇಡದೆ, ಟಕ್ ಟಕ್ ಎಂದು ಇಡುವ ಸದ್ದನ್ನು ಎಣಿಸುತ್ತಿದ್ದಳು. ಏಳು ಬರಬೇಕು. ಆರೇ ಬಂದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಇಂಥ ಬ್ಲಾಂಡಿನ್ ತನ್ನ ಅರವತ್ತೆಂಟು ವರ್ಷದಲ್ಲಿ ಸಂಶಯವಿಲ್ಲದೆ ನಂಬಿದ್ದು ಎರಡನ್ನೇ. ಒಂದು, ತೀರಿಕೊಂಡ ಗಂಡ ಒವಿಲಾ. ಇನ್ನೊಂದು, ಅವನು ಬಿಟ್ಟುಹೋದ ಕೋಳಿಗಳು.

ಅವು ಶಾಂತಕ್ಲೇರ್ ತಳಿಯವು. ಹೆಸರಿನಲ್ಲಿ ಶಾಂತ ಇದೆ, ಸ್ವಭಾವದಲ್ಲೂ ಇದೆ. ಓಕಾದ ಮಠದಲ್ಲಿ, ಮಾತೇ ಆಡಬಾರದೆಂಬ ವ್ರತದ ಸನ್ಯಾಸಿಗಳ ನಡುವೆ, ಕೂಗುವ ಈ ಹುಂಜ ಹುಟ್ಟಿದ್ದು ದೇವರ ತಮಾಷೆಯೇ ಇರಬೇಕು. ಮೈಯೆಲ್ಲ ಬಿಳಿ, ಗರಿ ದಟ್ಟ. ನೀರಿನ ಬಾನಿ ಕಲ್ಲಾಗುವ ಚಳಿಯಲ್ಲೂ ಮೊಟ್ಟೆ ನಿಲ್ಲಿಸದ ಜಾತಿ. ಒವಿಲಾನ ತಾಯಿ ಸೆಲನೀರ್, ಮಕ್ಕಳಿನ್ನೂ ಚಿಕ್ಕವರಿದ್ದಾಗ, ಮಠದಿಂದ ಒಂದು ಡಜನ್ ಮೊಟ್ಟೆಗಳನ್ನು ಉಣ್ಣೆಯ ಕಾಲುಚೀಲದೊಳಗಿಟ್ಟು, ಚೀಲವನ್ನು ರವಿಕೆಯೊಳಗಿಟ್ಟು, ಎರಡು ದಿನದ ರೈಲಿನಲ್ಲಿ ಕಾವಿನ ಸಮೇತ ತಂದಳಂತೆ. ಮುಂದೆ ಆ ತಳಿಯ ಕೋಳಿಗಳನ್ನು ಇಬ್ಬರು ಮಕ್ಕಳಿಗೂ ಹಂಚಿದಳು. ದೊಡ್ಡವನು ಒವಿಲಾ ಮೂಲ ಮನೆಯಲ್ಲಿ ಉಳಿದ. ಚಿಕ್ಕವನು ಟೆಲೆಸ್ಫೋರ್ ನದಿಯ ಆಚೆ ದಂಡೆಯಲ್ಲಿ ಮನೆ ಕಟ್ಟಿದ.

ಅಣ್ಣತಮ್ಮಂದಿರ ನಡುವೆ ನದಿ ಮೊದಲಿನಿಂದಲೂ ಇತ್ತು. ಅದು ಅಗಲವಾದದ್ದು ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ. ಆ ವರ್ಷ ಜಿಲ್ಲೆಯ ಮೊಟ್ಟೆ ಸ್ಪರ್ಧೆಯಲ್ಲಿ ಒವಿಲಾನ ಹೇಂಟೆಗಳು ಹಿಂದೆಂದೂ ಯಾವ ಶಾಂತಕ್ಲೇರೂ ಇಡದಷ್ಟು ಮೊಟ್ಟೆ ಇಟ್ಟು ಬೆಳ್ಳಿಯ ಕಪ್ ಗೆದ್ದವು. ಊರೆಲ್ಲ ಬಂದು ಕೈಕುಲುಕಿತು. ಟೆಲೆಸ್ಫೋರ್ ಮಾತ್ರ ಕೋಳಿಗಳನ್ನು ಬಹಳ ಹೊತ್ತು ನೋಡಿ, "ಅಣ್ಣ, ಗರಿಯೇನೋ ಬಿಳೀದೇ," ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡು ಹೋದ. ಹೊಟ್ಟೆಕಿಚ್ಚು ಎಂದು ಬ್ಲಾಂಡಿನ್ ತೀರ್ಮಾನಿಸಿದಳು. ಅಂದಿನಿಂದ ಮೂವತ್ತು ವರ್ಷ, ಒಂದು ಗರಿಯೂ ನದಿ ದಾಟಲಿಲ್ಲ.

ಹೀಗಿರುವಾಗ ಅಕ್ಟೋಬರಿನಲ್ಲಿ ಅವಳಿಗೊಂದು ಕಾಗದ ಬಂತು. ಬರೆದವಳು ಕೃಷಿ ಶಾಲೆಯ ಒಡೀಲ್ ಎಂಬ ಹುಡುಗಿ. ಶಾಂತಕ್ಲೇರ್ ತಳಿ ಅಳಿದೇ ಹೋಯಿತೆಂದು ಎಲ್ಲರೂ ತಿಳಿದಿದ್ದಾರೆ, ನಿಮ್ಮಲ್ಲಿ ಶುದ್ಧ ಹಿಂಡು ಉಳಿದಿದೆಯೆಂದು ಕೇಳಿದೆ, ಏಪ್ರಿಲ್ ಕೊನೆಯಲ್ಲಿ ಬಂದು ನೋಡುತ್ತೇನೆ, ಕಲಬೆರಕೆಯಿಲ್ಲವೆಂದು ಖಾತ್ರಿಯಾದರೆ ನಿಮ್ಮ ಕೋಳಿಗಳಿಂದಲೇ ತಳಿಯನ್ನು ಮತ್ತೆ ಬೆಳೆಸಿ ನಾಡಿಗೆಲ್ಲ ಹಂಚುತ್ತೇವೆ ಎಂದು ಕಾಗದದಲ್ಲಿತ್ತು. ಬ್ಲಾಂಡಿನ್ ಅಂಚೆ ಮುದ್ರೆಯನ್ನು ಭೂತಗನ್ನಡಿಯಿಂದ ಪರೀಕ್ಷಿಸಿ, ಶಾಲೆಗೆ ಫೋನು ಮಾಡಿ ಅಂಥ ಹುಡುಗಿ ಇರುವುದು ನಿಜವೆಂದು ಖಚಿತಪಡಿಸಿಕೊಂಡು, ಆಮೇಲೆ ಸಂತೋಷಪಟ್ಟಳು. ಮಕ್ಕಳಿಲ್ಲದ ಒವಿಲಾನ ಹೆಸರು ಕೋಳಿಗಳಿಂದಾದರೂ ನಿಲ್ಲುತ್ತದಲ್ಲ ಎಂಬುದು ಅವಳ ಆಸೆ.

ತೊಂದರೆ ಒಂದೇ. ಹಿಂಡಿನಲ್ಲಿ ಅಜ್ಜ, ಮಗಳು, ಮೊಮ್ಮಗ ಎಲ್ಲ ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿ, ಕಾವಿಗಿಟ್ಟ ಹನ್ನೆರಡು ಮೊಟ್ಟೆಯಲ್ಲಿ ನಾಲ್ಕು ಮರಿಯಾದರೆ ಹೆಚ್ಚು ಎನ್ನುವಂತಾಗಿತ್ತು. ಹೊಸ ರಕ್ತ ಬೇಕು, ಅದು ಶುದ್ಧ ರಕ್ತವೇ ಆಗಿರಬೇಕು. ಈ ಗೋಳನ್ನು ಅವಳು ಟೆಲಿಫೋನಿನಲ್ಲಿ ತನ್ನ ತಂಗಿಗೆ ಹೇಳಿಕೊಂಡಳು. ಅಂದರೆ ಎಂಟು ಮನೆಗೆ ಹೇಳಿಕೊಂಡಳು.

ನಾಲ್ಕು ದಿನ ಕಳೆದು ಹಾಲಿನ ಲಾರಿಯವನು ಒಂದು ಮರದ ಪೆಟ್ಟಿಗೆಯನ್ನು ಅವಳ ಮೆಟ್ಟಿಲ ಮೇಲಿಟ್ಟು ಹೋದ. ಒಳಗೆ ಬಿಳಿಯ ಹುಂಜ. ಜತೆಗೊಂದು ಚೀಟಿ: "ಅತ್ತಿಗೆ, ಇವನಿಗೆ ಹೆಸರಿಟ್ಟಿಲ್ಲ. ಟೆಲೆಸ್ಫೋರ್."

ಬ್ಲಾಂಡಿನ್ ಚೀಟಿಯನ್ನು ತಿರುಗಿಸಿ ಹಿಂಭಾಗ ನೋಡಿದಳು. ಏನೂ ಇರಲಿಲ್ಲ. ಮೂವತ್ತು ವರ್ಷ ಮಾತಿಲ್ಲದೆ ಇದ್ದವನು ಇದ್ದಕ್ಕಿದ್ದಂತೆ ಉಡುಗೊರೆ ಕಳಿಸುತ್ತಾನೆಂದರೆ ಉಡುಗೊರೆಯ ಉಡಿಯಲ್ಲಿ ಏನೋ ಇರಲೇಬೇಕು. ಹುಂಜವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ರೆಕ್ಕೆ ಬಿಡಿಸಿ, ಕಾಲು ಎತ್ತಿ, ಕೊನೆಗೆ ತಲೆ ನೋಡಿದಳು. ಅಲ್ಲಿ ಸಿಕ್ಕಿತು. ಜುಟ್ಟು ಇರಬೇಕಾದ ಜಾಗದಲ್ಲಿ ಬಟಾಣಿ ಕಾಳನ್ನು ಬೆರಳಿನಿಂದ ಒತ್ತಿ ಅಂಟಿಸಿದಂಥ ಒಂದು ಕೆಂಪು ಗುಬಟು. ಗಲ್ಲದ ಕೆಳಗೆ ಜೋತಾಡಬೇಕಾದ ಜೋಲು ಇದ್ದೂ ಇಲ್ಲದಂತೆ.

ಅವಳ ಹಿಂಡಿನ ಯಜಮಾನ ಹುಂಜದ ಹೆಸರು ಬಿಷಪ್. ಆ ಹೆಸರು ಬಂದದ್ದೇ ತಲೆಯ ಮೇಲಿನ ಅಗಲವಾದ ಕೆಂಪು ಟೋಪಿಯಿಂದ. ಮುಳ್ಳುಮುಳ್ಳಾಗಿ ಹಿಂದಕ್ಕೆ ಚಾಚಿದ ಆ ಜುಟ್ಟು, ಎದೆಗೆ ಇಳಿಬಿದ್ದ ಜೋಲು, ನೋಡಿದವರು ಉಂಗುರಕ್ಕೆ ಮುತ್ತಿಡಬೇಕು ಅನ್ನಿಸುವ ಗತ್ತು. ಶಾಂತಕ್ಲೇರ್ ಎಂದರೆ ಹೀಗಿರಬೇಕು. ಇದು? ಇದು ಕತ್ತರಿಯ ಕೆಲಸ. ಯಾವುದೋ ಬೀದಿ ಹುಂಜದ ಎದ್ದುನಿಂತ ಜುಟ್ಟನ್ನು ಕತ್ತರಿಸಿ, ಗಾಯ ಮಾಗಿಸಿ, ಶುದ್ಧ ತಳಿ ಎಂದು ಕಳಿಸಿದ್ದಾನೆ. ಇದನ್ನು ಹೇಂಟೆಗಳ ಜತೆ ಬಿಟ್ಟರೆ ಏಪ್ರಿಲ್ ಹೊತ್ತಿಗೆ ಹಿಂಡೆಲ್ಲ ಕೆಟ್ಟಿರುತ್ತದೆ, ಒಡೀಲ್ ಬಂದು ತಲೆಯಾಡಿಸಿ ಹೋಗುತ್ತಾಳೆ, ಟೆಲೆಸ್ಫೋರ್ ಆಚೆ ದಂಡೆಯಲ್ಲಿ ನಿಂತು ನಗುತ್ತಾನೆ.

ಭೂತಗನ್ನಡಿ ಹಿಡಿದು ಕತ್ತರಿಯ ಗುರುತು ಹುಡುಕಿದಳು. ಒಂದು ಗೆರೆಯೂ ಸಿಗಲಿಲ್ಲ. ಗುರುತೇ ಉಳಿಯದಂತೆ ಕತ್ತರಿಸಬಲ್ಲವನು ಎಂಥ ನುರಿತ ಕಳ್ಳನಾಗಿರಬೇಕು ಎಂದು ಅವಳಿಗೆ ಇನ್ನೂ ಗಾಬರಿಯಾಯಿತು. ಹುಂಜಕ್ಕೆ ಜುದಾಸ್ ಎಂದು ನಾಮಕರಣ ಮಾಡಿ, ಹಿಮದ ಮೇಲೆ ಎಳೆಯುವ ಸ್ಲೆಡ್ ಬಂಡಿ ನಿಲ್ಲಿಸುವ, ಹಿತ್ತಿಲ ತುದಿಯ ಹಳೆಯ ಕೊಟ್ಟಿಗೆಯಲ್ಲಿ ಕೂಡಿಹಾಕಿದಳು.

ಮುಂದಿನ ಭಾನುವಾರ ಪೂಜೆ ಮುಗಿದು ಜನ ಚರ್ಚಿನ ಮೆಟ್ಟಿಲ ಮೇಲೆ ಹೊಗೆಸೊಪ್ಪು, ಹವಾಮಾನ, ಪರರ ಮನೆಯ ವಿಷಯ ಹಂಚಿಕೊಳ್ಳುವಾಗ ಅವಳು ನೇರ ಮೈದುನನ ಹತ್ತಿರ ಹೋದಳು. ಸುತ್ತಲಿನವರು ಕಿವಿ ಬಿಡಿಸಿಕೊಳ್ಳಲು ಉಣ್ಣೆ ಟೋಪಿ ಸರಿಸಿದರು.

"ಕತ್ತರಿ ಎಲ್ಲಿಟ್ಟಿದೀಯ?"

"ಯಾವ ಕತ್ತರಿ ಅತ್ತಿಗೆ?"

"ಜುಟ್ಟು ಕತ್ತರಿಸಿದ್ದು."

ಟೆಲೆಸ್ಫೋರ್ ಟೋಪಿ ತೆಗೆದು ತನ್ನ ಜಡೆಗಟ್ಟಿದ ನರೆಗೂದಲು ತೋರಿಸಿದ. "ನನ್ನ ತಲೆಗೇ ಕತ್ತರಿ ಹಾಕಿ ಆರು ತಿಂಗಳಾಯ್ತು. ಕೋಳಿಗೆಲ್ಲಿ ಹಾಕ್ಲಿ?"

ಜನ ನಕ್ಕರು. ಬ್ಲಾಂಡಿನ್ ನಕ್ಕವರನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಅವನು ಮಾತ್ರ ನಗು ನಿಲ್ಲಿಸಿ, ಹುಂಜ ಎಲ್ಲಿದೆ, ಹೇಂಟೆಗಳ ಜತೆ ಬಿಟ್ಟಿದ್ದೀಯೋ ಎಂದು ವಿಚಾರಿಸಿದ. ಬಿಟ್ಟಿಲ್ಲ ಎಂದಳು. ಅವನ ಮುಖ ಸ್ವಲ್ಪ ಇಳಿಯಿತು. ಅದನ್ನೂ ಗುರುತು ಹಾಕಿಕೊಂಡಳು. ಕೊನೆಗೆ ಅವನು ಕೇಳಿದ:

"ಅದಕ್ಕೂ ಕೊಬ್ಬು ಹಚ್ಚುತಿದೀಯ?"

"ನಿನ್ನ ಕೋಳಿಗೆ ನನ್ನ ಕೊಬ್ಬು ಯಾಕೆ?"

"ಒಳ್ಳೇದಾಯ್ತು. ಹಚ್ಚಬೇಡ."

ಈ ಕೊಬ್ಬಿನ ಸಂಗತಿ ಹೇಳಬೇಕು. ಚಳಿ ಇಳಿದ ದಿನದಿಂದ ಹಿಮ ಕರಗುವ ದಿನದವರೆಗೆ, ಚಳಿ ಕಚ್ಚದಿರಲೆಂದು ಪ್ರತಿ ಸಂಜೆ ಕೋಳಿಗಳ ಜುಟ್ಟಿಗೂ ಜೋಲಿಗೂ ಹಂದಿಕೊಬ್ಬು ಸವರುವುದು ಒವಿಲಾನ ನಿಯಮವಾಗಿತ್ತು. ಒಂದೊಂದನ್ನೇ ತೊಡೆಯ ಮೇಲೆ ಕೂರಿಸಿಕೊಂಡು, ಮಗುವಿನ ನೆತ್ತಿಗೆ ಎಣ್ಣೆ ಇಡುವಂತೆ ಇಡುತ್ತಿದ್ದ. ಸಾಯುವ ಹಿಂದಿನ ದಿನ ಪಾದ್ರಿ ಬಂದು ಹೋದ ಮೇಲೆ ಅವಳ ಕೈಹಿಡಿದು, "ಕೊಬ್ಬು ಹಚ್ಚೋದು ಮರೀಬೇಡ," ಎಂದಿದ್ದ. ಮದುವೆಯ ನಲವತ್ತು ವರ್ಷದಲ್ಲಿ ಅವನು ಅಷ್ಟು ಆರ್ದ್ರವಾಗಿ ಹೇಳಿದ ಮಾತು ಬೇರೆ ಇರಲಿಲ್ಲವಾದ್ದರಿಂದ ಅವಳು ಅದನ್ನು ಪ್ರೇಮವೆಂದೇ ತಿಳಿದಿದ್ದಳು. ಎಂಟು ವರ್ಷದಿಂದ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವವರಿದ್ದಾರೆ. ಇಲ್ಲಿ ಹೊಟ್ಟೆಗೆ ಜೋಳವೂ ಇತ್ತು, ಜುಟ್ಟಿಗೆ ಕೊಬ್ಬೂ ಇತ್ತು. ಬಿಷಪ್‌ಗೆ ಅಷ್ಟು ಕೊಬ್ಬು ಬಂದದ್ದು ಆ ಕೊಬ್ಬಿನಿಂದಲೇ ಎಂದು ತಂಗಿ ಹಾಸ್ಯ ಮಾಡುತ್ತಿದ್ದಳು.

ಹಚ್ಚಬೇಡ ಎಂದು ಟೆಲೆಸ್ಫೋರ್ ಹೇಳಿದ್ದೇಕೆ? ಬ್ಲಾಂಡಿನ್ ಮೂರು ದಿನ ಯೋಚಿಸಿ ಕಂಡುಹಿಡಿದಳು. ಚಳಿ ಕಚ್ಚಿ ಜುಟ್ಟು ಕಪ್ಪಾದರೆ ಕತ್ತರಿಯ ಗುರುತು ಅದರಡಿ ಅಡಗಿಹೋಗುತ್ತದೆ, ಸಾಕ್ಷಿ ಸಾಯುತ್ತದೆ. ಸರಿ, ಹಚ್ಚಿಬಿಡೋಣ ಎಂದು ಡಬ್ಬಿ ಎತ್ತಿಕೊಂಡು ಕೊಟ್ಟಿಗೆಗೆ ಹೊರಟವಳು ಅರ್ಧ ದಾರಿಯಲ್ಲಿ ನಿಂತಳು. ತಾನು ಹೀಗೇ ಯೋಚಿಸಿ ಹಚ್ಚಲಿ ಎಂದೇ ಅವನು ಹಚ್ಚಬೇಡ ಎಂದಿರಬಹುದಲ್ಲ? ಡಬ್ಬಿ ವಾಪಸು ಬಂತು. ಹಳೆಯ ಗಾಯವಿದ್ದರೆ ಚಳಿಗೆ ಬಾಯಿಬಿಟ್ಟೀತು, ನೋಡಿಯೇ ತಿಳಿಯೋಣ ಎಂದು ಜುದಾಸನನ್ನು ಹಾಗೇ ಬಿಟ್ಟಳು.

ಹೊಸವರ್ಷದ ಹಿಂದಿನ ದಿನ ಕೊಡಲಿ ಮಸೆದದ್ದೂ ಉಂಟು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಬ್ಲಾಂಡಿನ್ ಈರುಳ್ಳಿ ಹೆಚ್ಚಿಯೇ ಇಟ್ಟಿದ್ದಳು. ಆದರೆ ಟೆಲೆಸ್ಫೋರ್ ಇದನ್ನೂ ಮೊದಲೇ ಊಹಿಸಿ, ಮಾಂಸ ಕೆಡುವಂಥದ್ದೇನನ್ನೋ ತಿನ್ನಿಸಿ ಕಳಿಸಿದ್ದರೆ? ಈರುಳ್ಳಿ ಬಟಾಣಿ ಸೂಪಿಗೆ ಬಿತ್ತು. ಜುದಾಸ್ ಉಳಿದ.

ಜನವರಿ ಕೊನೆಯಲ್ಲಿ ಆ ಚಳಿ ಬಂತು. ಸೊನ್ನೆಗಿಂತ ಮೂವತ್ತೆಂಟು ಕೆಳಗೆ, ಮೂರು ದಿನ. ಗೋಡೆಯೊಳಗಿನ ಮೊಳೆಗಳು ಕೋವಿಯಂತೆ ಸಿಡಿಯುತ್ತಿದ್ದವು. ಬೈದರೆ ಬೈಗುಳವೂ ಬಾಯಿಂದ ಹೊರಬಿದ್ದಲ್ಲೇ ಹೆಪ್ಪುಗಟ್ಟುವ ಚಳಿ. ಈ ಕಡೆಯ ಬೈಗುಳಗಳೆಲ್ಲ ಚರ್ಚಿನ ಪೂಜಾಪಾತ್ರೆಗಳ ಹೆಸರುಗಳೇ ಆದ್ದರಿಂದ, ಆ ಮೂರು ದಿನ ಊರಿನಲ್ಲಿ ಬಲಿಪೀಠದ ಸಾಮಾನೆಲ್ಲ ಹೆಪ್ಪುಗಟ್ಟಿ ಬಿದ್ದಿತ್ತು ಎನ್ನಬೇಕು. ಬ್ಲಾಂಡಿನ್ ಸಂಜೆಗೆ ಎರಡು ಸಲ ಕೊಬ್ಬು ಸವರಿದಳು.

ಮೂರನೆಯ ಬೆಳಗ್ಗೆ ಕೋಳಿಗೂಡಿನ ಬಾಗಿಲು ತೆಗೆದಾಗ ಬಿಷಪ್ ಮೂಲೆಯಲ್ಲಿ ತಲೆ ರೆಕ್ಕೆಯೊಳಗಿಟ್ಟು ಕೂತಿತ್ತು. ಎತ್ತಿ ನೋಡಿದಳು. ಕೆಂಪು ಟೋಪಿಯ ಮುಳ್ಳುಗಳೆಲ್ಲ ಸುಟ್ಟ ಬದನೆಯ ಬಣ್ಣ. ಜೋಲು ಊದಿ, ಅದರಂಚಿಗೆ ನೀರಿನ ಹನಿ ಮಣಿಗಟ್ಟಿತ್ತು. ಎರಡು ಹೇಂಟೆಗಳಿಗೂ ಅದೇ ಗತಿ. ಅವಳಿಗೆ ಅಳು ಬರುವುದರೊಳಗೆ ಹಿತ್ತಿಲ ತುದಿಯಿಂದ, ಹಲಗೆಯ ಸಂದುಗಳಲ್ಲಿ ಗಾಳಿ ನುಗ್ಗುವ ಆ ಹಾಳು ಕೊಟ್ಟಿಗೆಯಿಂದ, ಸ್ಪಷ್ಟವಾದ ಕೂಗು ಕೇಳಿತು.

ಜುದಾಸ್ ಸ್ಲೆಡ್ಡಿನ ಮೂಕಿಯ ಮೇಲೆ ನಿಂತಿತ್ತು. ತಲೆಯ ಮೇಲಿನ ಬಟಾಣಿ ಆಗತಾನೆ ಕಿತ್ತ ಚೆರಿ ಹಣ್ಣಿನಷ್ಟು ಕೆಂಪು. ಗಾಯವಿಲ್ಲ, ಬಿರುಕಿಲ್ಲ, ಒಂದು ಕಪ್ಪು ಚುಕ್ಕೆಯಿಲ್ಲ.

ಬ್ಲಾಂಡಿನ್ ಮೊದಲು ಸಂಶಯಪಟ್ಟದ್ದು ಕೊಬ್ಬಿನ ಮೇಲೆ. ಕಟುಕ ಅದರಲ್ಲಿ ಏನೋ ಬೆರೆಸಿದ್ದಾನೆ. ಆಲೂಗಡ್ಡೆ ಹುರಿದು ನೋಡಿದಳು. ಕೊಬ್ಬು ಚೊಕ್ಕಟವಾಗಿತ್ತು. ಎರಡನೆಯದಾಗಿ ಕೊಟ್ಟಿಗೆಯ ಮೇಲೆ. ಅದು ಹೇಗೋ ಬೆಚ್ಚಗಿರಬೇಕು ಎಂದು ಉಷ್ಣಮಾಪಕ ನೇತುಹಾಕಿದಳು. ಅದು ಕೋಳಿಗೂಡಿಗಿಂತ ಒಂಬತ್ತು ಡಿಗ್ರಿ ತಣ್ಣಗಿತ್ತು. ಮೂರನೆಯದಾಗಿ ಉಷ್ಣಮಾಪಕದ ಮೇಲೆ. ಅದನ್ನು ಎರಡೂ ಕಡೆ ಅದಲುಬದಲು ಮಾಡಿದಳು. ನಾಲ್ಕನೆಯದಾಗಿ ಟೆಲೆಸ್ಫೋರ್ ಮೇಲೆ. ಆದರೆ ಅಂಗಳದ ಹಿಮದಲ್ಲಿ ಮೂರು ದಿನದಿಂದ ಅವಳ ಹೆಜ್ಜೆಯ ಹೊರತು ಯಾರದ್ದೂ ಇರಲಿಲ್ಲ.

ಹೀಗೆ ಸಂಜೆಯ ಹೊತ್ತಿಗೆ ಸಂಶಯಪಡಲು ಜನರೇ ಮುಗಿದುಹೋದರು. ಸೌದೆ ಒಲೆಯ ಮುಂದೆ ಕೂತು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಎಣಿಸಿದಳು. ಆ ಪಟ್ಟಿಯಲ್ಲಿ ಇರದಿದ್ದವನು ಒಬ್ಬನೇ ಉಳಿದಿದ್ದ. ಗೋಡೆಯ ಮೇಲೆ, ಚೌಕಟ್ಟಿನೊಳಗೆ, ಬೆಳ್ಳಿ ಕಪ್ ಹಿಡಿದು ನಿಂತಿದ್ದ.

ಒಂದು ದಾರ ಸಿಕ್ಕಿದರೆ ಕಾಲುಚೀಲವೆಲ್ಲ ಬಿಚ್ಚಿಕೊಳ್ಳುತ್ತದೆ. ಪ್ರತಿ ವಸಂತದಲ್ಲೂ ಎರಡೋ ಮೂರೋ ಮರಿಗಳು ಗರಗಸದಂತೆ ಎದ್ದುನಿಂತ ಜುಟ್ಟು ಹೊತ್ತು ಹುಟ್ಟುತ್ತಿದ್ದವು. "ಪ್ರಕೃತಿ ಒಮ್ಮೊಮ್ಮೆ ಎಡವುತ್ತೆ," ಎಂದು ಒವಿಲಾ ಅವನ್ನು ಬೇರೆಯವರು ನೋಡುವ ಮುನ್ನ ಪಾತ್ರೆಗೆ ಸೇರಿಸುತ್ತಿದ್ದ. ಅತ್ತೆಯ ಕಾಲದಲ್ಲಿ ಪ್ರಕೃತಿ ಹೀಗೆ ಎಡವಿದ್ದು ಅವಳಿಗೆ ನೆನಪಿಲ್ಲ. ಎಡವಲು ಶುರುವಾದದ್ದು ನಲವತ್ತೇಳರ ನಂತರ. ನಲವತ್ತೇಳು ಎಂದೊಡನೆ ಅವಳ ಕೈಯ ಹೆಣಿಗೆ ನಿಂತಿತು.

ಆ ವರ್ಷ ಒವಿಲಾ ಒಂಟಾರಿಯೋದ ಯಾವುದೋ ಕೃಷಿ ಪ್ರದರ್ಶನಕ್ಕೆ ಹೋಗಿ ಬಂದಿದ್ದ. ಬಂದ ಮೇಲೆ ಮೇಪಲ್ ಮರದ ಸಿಹಿ ರಸ ಕಾಯಿಸುವ ಗುಡಿಸಲಿಗೆ ದಿನವೂ ಹೋಗತೊಡಗಿದ. ರಸ ಇಳಿಯುವುದು ನಿಂತ ಮೇಲೂ ಹೋದ. ಬರುವಾಗ ಕೋಟಿಗೆ ಬಿಳಿಯ ಗರಿ ಅಂಟಿರುತ್ತಿತ್ತು. ಅವಳಿಗೆ ಹೊಳೆದದ್ದು ಗರಿಯ ಹ್ಯಾಟಿನ ಯಾವಳೋ ಹೆಂಗಸು. ಕೇಳಿದಳು. ಅವನು ಸಂತ ಆನ್ನಳ ಚಿತ್ರದ ಮೇಲೆ ಕೈಯಿಟ್ಟು, "ಅಲ್ಲಿ ಯಾವ ಹೆಂಗಸೂ ಇಲ್ಲ," ಎಂದು ಆಣೆ ಮಾಡಿದ. ನಂಬದೆ ಒಂದು ದಿನ ಅವನ ಹೆಜ್ಜೆಗಳ ಮೇಲೆ ಹೆಜ್ಜೆಯಿಟ್ಟು ಗುಡಿಸಲ ಬಾಗಿಲವರೆಗೆ ಹೋಗಿ ಕಿವಿಗೊಟ್ಟಳು. ಒಳಗೆ ಅವನು ಯಾರಿಗೋ ಮುದ್ದಾಗಿ, "ಮೆಲ್ಲಗೆ ರಾಜ, ಮೆಲ್ಲಗೆ," ಎನ್ನುತ್ತಿದ್ದ. ಆಮೇಲೆ ಒಂದು ಹುಂಜ ಕೂಗಿತು. ಹೆಂಗಸಿನ ದನಿಯಿಲ್ಲ. ಬರೀ ಹುಂಜ. ಬ್ಲಾಂಡಿನ್ ಎದೆಯ ಭಾರ ಇಳಿದು, ತನ್ನ ಪಾಪಿ ಮನಸ್ಸಿಗೆ ಛೀ ಎಂದುಕೊಂಡು ಮನೆಗೆ ಬಂದು, ಆ ರಾತ್ರಿ ಅವನಿಗಾಗಿ ಸಕ್ಕರೆ ಪೈ ಮಾಡಿದ್ದಳು.

ಪರಸ್ತ್ರೀ ಇರಲಿಲ್ಲ, ಪರಹುಂಜ ಇತ್ತು. ಜಾಸ್ತಿ ಮೊಟ್ಟೆಯ, ದೊಡ್ಡ ಜುಟ್ಟಿನ, ಚಳಿ ತಡೆಯದ ಯಾವುದೋ ಪರದೇಶಿ ಬಿಳಿ ಹುಂಜ. ಬದುಕಿನಲ್ಲಿ ಒಂದೇ ಒಂದು ಸಲ ಸಂಶಯವನ್ನು ಅರ್ಧಕ್ಕೆ ಬಿಟ್ಟಿದ್ದಳು, ಬಾಗಿಲು ತಳ್ಳದೆ ಬಂದಿದ್ದಳು. ಅದರ ಫಲ ಈಗ ಎಂಟು ವರ್ಷದಿಂದ ಅವಳ ಕೈಯಲ್ಲೇ ಕೊಬ್ಬು ಹಚ್ಚಿಸಿಕೊಳ್ಳುತ್ತಿತ್ತು.

ಆದರೂ ನೋಡಿಯೇ ತಿಳಿಯಬೇಕು. ಪೆಟ್ಟಿಗೆಯ ತಳದಿಂದ ಮದುವೆಯ ಚಿತ್ರ ತೆಗೆದಳು. ಸಾವಿರದ ಒಂಬೈನೂರ ಮೂವತ್ತೊಂದು. ಅದರಲ್ಲಿ ಅತ್ತೆ ಸೆಲನೀರ್ ಹೂಗುಚ್ಛದ ಬದಲು ತನ್ನ ಹುಂಜವನ್ನೇ ತೋಳಿನಲ್ಲಿ ಹಿಡಿದು ನಿಂತಿದ್ದಾಳೆ. ಅದಕ್ಕಾಗಿ ಬ್ಲಾಂಡಿನ್ ಅತ್ತೆಯನ್ನು ಬಹುಕಾಲ ಕ್ಷಮಿಸಿರಲಿಲ್ಲ. ಭೂತಗನ್ನಡಿ ಇಟ್ಟು ಹುಂಜದ ತಲೆ ನೋಡಿದಳು. ಒಂದು ಬಟಾಣಿ. ಒತ್ತಿ ಅಂಟಿಸಿದಂಥ ಬಟಾಣಿ. ಮದುವೆಯ ಹೊಸದರಲ್ಲಿ ದಿನವೂ ಕಂಡಿದ್ದ ಆ ತಲೆಯನ್ನು, ಸಂಶಯಪಡದೆ ನೋಡಿದ ಮೂವತ್ತು ವರ್ಷದ ಕೆಂಪು ಟೋಪಿಗಳು ಮರೆಸಿಬಿಟ್ಟಿದ್ದವು.

ಮರುದಿನವಿಡೀ ಅವಳು ಯಾರಿಗೂ ಫೋನು ಮಾಡಲಿಲ್ಲ. ಬಿಷಪ್‌ನ ಜುಟ್ಟಿನ ಕರಿದಾದ ಭಾಗ ಒಣಗುತ್ತಿತ್ತು. ಹೇಗೂ ಉದುರುವಂಥದ್ದು. ಅದನ್ನು ಸ್ವಲ್ಪ ಬುಡದವರೆಗೆ ಕತ್ತರಿಸಿ, ಜೋಲನ್ನೂ ಚೊಕ್ಕಟ ಮಾಡಿದರೆ ಏಪ್ರಿಲ್ ಹೊತ್ತಿಗೆ ಗಾಯ ಮಾಗುತ್ತದೆ. ಕೇಳಿದರೆ ಚಳಿ ಕಚ್ಚಿತು ಅನ್ನಬಹುದು, ಅದು ಸುಳ್ಳೂ ಅಲ್ಲ. ಒವಿಲಾನ ಹೆಸರು ನಾಡಿಗೆಲ್ಲ ಹಂಚಿಕೆಯಾಗುತ್ತದೆ. ಬ್ಲಾಂಡಿನ್ ಹೊಲಿಗೆ ಪೆಟ್ಟಿಗೆಯಿಂದ ಕತ್ತರಿ ತೆಗೆದಳು. ಹುಂಜವನ್ನು ಅದೇ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಬಿಷಪ್ ತಲೆ ಓರೆ ಮಾಡಿ, ಒಂದೇ ಕಣ್ಣಿನಿಂದ ಅವಳನ್ನು ದಿಟ್ಟಿಸಿತು.

ಕತ್ತರಿ ಬಾಯಿ ತೆಗೆದೇ ಇತ್ತು. ಅವಳನ್ನು ತಡೆದದ್ದು ಪುಣ್ಯಪಾಪದ ಲೆಕ್ಕವಲ್ಲ. ಈ ಕೆಲಸ ಮಾಡಿದ ಹೆಂಗಸಿನ ಜತೆ ಮುಂದೆ ಒಂದೇ ಮನೆಯಲ್ಲಿ ಇರುವುದು ಹೇಗೆ ಎಂಬ ಯೋಚನೆ. ಅವಳು ಇಷ್ಟು ಮಾಡಿದವಳು ಇನ್ನೇನು ಮಾಡಲಿಕ್ಕಿಲ್ಲ ಎಂದು ಹಗಲೂರಾತ್ರಿ ಕಾಯಬೇಕಾಗುತ್ತದೆ, ಅವಳ ಹೆಜ್ಜೆಗಳನ್ನೂ ಓದಬೇಕಾಗುತ್ತದೆ. ಕತ್ತರಿ ಪೆಟ್ಟಿಗೆಗೆ ಹೋಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ, ಮಂಜುಗಡ್ಡೆಯಾದ ನದಿಯ ಮೇಲೆ ದಾರಿ ತೋರಲು ನೆಟ್ಟ ಸ್ಪ್ರೂಸ್ ಸಸಿಗಳ ಸಾಲು ಹಿಡಿದು, ಅವಳು ಮೂವತ್ತು ವರ್ಷದಲ್ಲಿ ಮೊದಲ ಬಾರಿ ಆಚೆ ದಂಡೆಗೆ ನಡೆದಳು. ಟೆಲೆಸ್ಫೋರ್ ಅಚ್ಚರಿ ತೋರಿಸದೆ ಬಟಾಣಿ ಸೂಪ್ ಬಡಿಸಿದ. ಅವಳು ಅವನು ಒಂದು ಚಮಚ ಕುಡಿಯುವವರೆಗೆ ಕಾದು ಆಮೇಲೆ ಕುಡಿದಳು.

"ನಿನಗೆ ಗೊತ್ತಿತ್ತು," ಎಂದಳು.

"ಅಮ್ಮನಿಗೂ ಗೊತ್ತಿತ್ತು."

"ಹೇಳಲಿಲ್ಲ."

"ಹೇಳಿದ್ರೆ ನಂಬ್ತಿದ್ದೆಯಾ ಅತ್ತಿಗೆ?"

ಬ್ಲಾಂಡಿನ್ ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ."

"ಮತ್ತೆ? ಸೂಪ್ ಆರುತ್ತೆ, ಕುಡಿ."

ಉಳಿದದ್ದನ್ನು ಅವನು ತುಂಡುತುಂಡಾಗಿ ಹೇಳಿದ. ಅವನ ಹತ್ತಿರ ಉಳಿದಿರುವುದು ನಾಲ್ಕೇ ಹೇಂಟೆ. ಎರಡು ಹುಂಜಗಳಿದ್ದವು. ಚೆನ್ನಾಗಿದ್ದುದನ್ನು ಅವಳಿಗೆ ಕಳಿಸಿದ್ದ, ಮುದಿಯದನ್ನು ತಾನಿಟ್ಟುಕೊಂಡಿದ್ದ. ಕ್ರಿಸ್‌ಮಸ್‌ಗೆ ಮೊದಲೇ ಅದು ಸತ್ತಿತು. ಅಮ್ಮನ ತಳಿಯಲ್ಲಿ ಈಗ ಭೂಮಿಯ ಮೇಲೆ ಇರುವ ಹುಂಜ ಬ್ಲಾಂಡಿನ್‌ಳ ಸ್ಲೆಡ್ ಕೊಟ್ಟಿಗೆಯಲ್ಲಿರುವುದು ಒಂದೇ.

ಕೊಡಲಿ, ಈರುಳ್ಳಿ ಎರಡೂ ಅವಳ ಕಣ್ಣಮುಂದೆ ಬಂದವು. "ಸತ್ತಿತು ಅಂತ ಒಂದು ಮಾತು ಹೇಳಿ ಇದನ್ನ ವಾಪಸ್ ಕೇಳಬಾರದಿತ್ತಾ?"

"ಕೊಟ್ಟಿದ್ದನ್ನ ಕೇಳೋದಾ? ನಾವೇನು ಅಂಥ ಮನೆಯವರಾ?"

"ನಾನು ಅದನ್ನ ಕುಯ್ದು ತಿಂದಿದ್ದರೆ?"

"ನಾನು ಕಳಿಸಿದ್ದನ್ನ ನೀನು ತಿಂತೀಯಾ?" ಎಂದ ಟೆಲೆಸ್ಫೋರ್. "ಆ ಧೈರ್ಯದ ಮೇಲೇ ಕಳಿಸಿದ್ದು."

ಮರುದಿನ ಅವಳು ಜುದಾಸನನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕೈಸ್ಲೆಡ್ಡಿಗೆ ಕಟ್ಟಿ, ನದಿ ದಾಟಿಸಿ ಕೊಟ್ಟಳು. ಬಿಷಪ್‌ನ ತಲೆಯನ್ನು ವಾಸಿ ಮಾಡಿ ಹಾಗೇ ಇಟ್ಟುಕೊಂಡಳು. ಅದರ ತಪ್ಪೇನು, ಅದನ್ನು ಯಾರೂ ಕೇಳಿ ಹುಟ್ಟಿಸಿರಲಿಲ್ಲ. ಹೇಂಟೆಗಳ ಮೊಟ್ಟೆ ಬಾಣಲೆಗೆ ಮಾತ್ರ, ಕಾವಿಗೆ ಇಲ್ಲ ಎಂದು ಗೂಡಿನ ಬಾಗಿಲಿಗೆ ಬರೆದು ಅಂಟಿಸಿದಳು. ಓದುವವಳು ಅವಳೊಬ್ಬಳೇ, ಆದರೂ. ಸಂಜೆಯ ಕೊಬ್ಬು ಮಾತ್ರ ತಪ್ಪಿಸಲಿಲ್ಲ. ಬೆಳ್ಳಿಯ ಕಪ್ ಹಜಾರದ ಕಪಾಟಿನಿಂದ ಇಳಿದು ಕೋಳಿಗಳು ನೀರು ಕುಡಿಯುವ ಬಟ್ಟಲಾಯಿತು. ಗೆದ್ದವರೇ ಕುಡಿಯಲಿ ಎಂದು.

ಏಪ್ರಿಲ್ ಕೊನೆಯಲ್ಲಿ ಒಡೀಲ್ ಬಂದಾಗ ನದಿ ಒಡೆದು ಹರಿಯುತ್ತಿತ್ತು. ಹುಡುಗಿ ಕೋಳಿಗೂಡಿನ ಕಡೆ ಹೆಜ್ಜೆ ಹಾಕುವ ಮೊದಲೇ ಬ್ಲಾಂಡಿನ್ ಅಡ್ಡ ನಿಂತು, ಇಲ್ಲಿರುವುದು ನನ್ನ ಗಂಡನ ಕೋಳಿ, ನಿನಗೆ ಬೇಕಾದದ್ದು ನನ್ನ ಅತ್ತೆಯ ಕೋಳಿ ಎಂದು ನಡೆದದ್ದೆಲ್ಲವನ್ನೂ ನಿಂತಲ್ಲೇ ಹೇಳಿದಳು. ಗುಡಿಸಲಿನ ಬಾಗಿಲಲ್ಲಿ ಕಿವಿಗೊಟ್ಟದ್ದನ್ನೂ ಬಿಡಲಿಲ್ಲ. ಆಮೇಲೆ ಅವಳ ಕಾರಿನಲ್ಲಿ ಕೂತು, ಸೇತುವೆ ಸುತ್ತಿ, ದಾರಿಯುದ್ದಕ್ಕೂ ವೇಗದ ಮುಳ್ಳಿನ ಮೇಲೆ ಕಣ್ಣಿಟ್ಟು, ಟೆಲೆಸ್ಫೋರನ ಮನೆಗೆ ಕರೆದೊಯ್ದಳು.

ಅವನ ಹೇಂಟೆಯ ರೆಕ್ಕೆಯಡಿ ಒಂಬತ್ತು ಮರಿಗಳಿದ್ದವು, ಐದು ದಿನದವು. ಒಡೀಲ್ ಒಂದೊಂದನ್ನೇ ಎತ್ತಿ ತಲೆ ನೋಡಿ, ಕಣ್ಣೊರೆಸಿಕೊಂಡು ಪುಸ್ತಕ ತೆರೆದಳು. ತಳಿ ಕಾಪಾಡಿದವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದಳು. ಅತ್ತಿಗೆ ಮೈದುನ ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೇ "ಸೆಲನೀರ್" ಎಂದರು. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಒಂಬತ್ತರಲ್ಲಿ ಐದು ಮರಿ ನಿನಗೆ, ಬೇಸಿಗೆ ಬಂದ ಮೇಲೆ ಕಳಿಸುತ್ತೇನೆ ಎಂದ ಟೆಲೆಸ್ಫೋರ್. ಅವನು ಒಡೀಲ್‌ಳಿಗೆ ಜುದಾಸನನ್ನು ತೋರಿಸಲು ಹೊರಗೆ ಹೋದಾಗ ಬ್ಲಾಂಡಿನ್ ಮರಿಗಳ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಭೂತಗನ್ನಡಿ ತೆಗೆದು ಒಂಬತ್ತೂ ತಲೆಗಳನ್ನು ನೋಡಿದಳು. ಒಂಬತ್ತು ಬಟಾಣಿ. ಚೀಲದಿಂದ ಕೆಂಪು ಉಣ್ಣೆಯ ಎಳೆ ತೆಗೆದು, ಬೇಸಿಗೆಯವರೆಗೆ ಅದಲುಬದಲಾಗದಿರಲೆಂದು, ತನಗೆ ಬೇಕಾದ ಐದರ ಕಾಲಿಗೆ ಕಟ್ಟಲು ಮೊದಲನೆಯದನ್ನು ಎತ್ತಿದಳು.

ಅದರ ಕಾಲಿಗೆ ಆಗಲೇ ನೀಲಿ ದಾರ ಕಟ್ಟಿತ್ತು. ಇನ್ನೊಂದನ್ನು ಎತ್ತಿದಳು. ಅದಕ್ಕೂ ಇತ್ತು. ಒಂಬತ್ತಕ್ಕೂ ಇತ್ತು.

"ಇದು ಯಾಕೆ?" ಎಂದು ಬಾಗಿಲಲ್ಲಿ ಬಂದು ನಿಂತವನನ್ನು ಕೇಳಿದಳು.

"ನೀನು ಬರ್ತೀಯ ಅಂತ ಗೊತ್ತಿತ್ತಲ್ಲ," ಎಂದ ಟೆಲೆಸ್ಫೋರ್.

ಬ್ಲಾಂಡಿನ್ ಮೊದಲನೆಯ ಮರಿಯನ್ನು ಮತ್ತೆ ಎತ್ತಿಕೊಂಡಳು. ಆಮೇಲೆ ಇನ್ನೊಂದು ಕಾಲು ಹುಡುಕಿ ಕೆಂಪು ದಾರ ಕಟ್ಟಿದಳು, ಎರಡು ಗಂಟು ಹಾಕಿ.